ಬಲಗಳನ್ನು ಹೆಸರಿಸಿ

ಒಂಬತ್ತನೇ ಈಯತ್ತೆ, ಕಿರುಪರೀಕ್ಷೆ, ಪ್ರಶ್ನೆ ನಾಲ್ಕು:
ಮರಳ ಮೇಲಿನ ದೋಣಿಯೊಂದನ್ನು ಎಳೆಯುತ್ತಿದ್ದಾರೆ, ಅದು ಕದಲುತ್ತಿಲ್ಲ.
ದೋಣಿಯ ಮೇಲೆ ವರ್ತಿಸುವ ಬಲಗಳನ್ನು ಹೆಸರಿಸಿ.
ಎರಡು ಅಂಕ.

ಪುಸ್ತಕದಲ್ಲಿ ಇದ್ದದ್ದು ಮರದ ಪೆಟ್ಟಿಗೆ.
ಮಾಜಾಳಿಯ ಮಕ್ಕಳಿಗೆ ಹತ್ತಿರವಾಗಲೆಂದು
ಪೆಟ್ಟಿಗೆಯನ್ನು ದೋಣಿ ಮಾಡಿದವನು ನಾನು.
ತಪ್ಪೂ ನನ್ನದೇ.

ಸುಗಂಧಾ ದುರ್ಗೇಕರ ಬರೆದಿದ್ದಾಳೆ, ಗುಂಡು ಅಕ್ಷರದಲ್ಲಿ:
ಒಂದು, ದೊಡ್ಡಪ್ಪ ವಿಠೋಬಾ.
ಎರಡು, ಪುರ್ಸೊ.
ಮೂರು, ಪುರ್ಸೊನ ಭಾವ, ಗೋವೆಯವನು, ಹೆಸರು ಗೊತ್ತಿಲ್ಲ.
ನಾಲ್ಕು, ಫೆಲಿಸ್ ಮಾಮ, ಎಡಗೈ ಮಾತ್ರ,
ಇನ್ನೊಂದು ಇಂಜಿನ್ನಿಗೆ ಸಿಕ್ಕಿ ಹೋಯಿತು.
ಐದು, ಆಯಿ, ಮೀನು ಮಾರಿ ಬಂದ ಮೇಲೆ.
ಆರು, ನಾನು, ಶಾಲೆ ಇದ್ದ ದಿನ ಇಲ್ಲ.
ಆಮೇಲೆ ಸ್ಕೇಲಿಟ್ಟು ಒಂದು ಗೆರೆ, ಅದರ ಕೆಳಗೆ:
ಇವರೆಲ್ಲರ ಎದುರು ಮರಳು ಒಂದೇ.

ಕೆಂಪು ಪೆನ್ನಿನ ಮುಚ್ಚಳ ತೆಗೆದು ಕೂತೆ.
ಉತ್ತರಸೂಚಿ ಹೇಳುತ್ತದೆ: ಎಳೆತ, ಘರ್ಷಣೆ,
ತೂಕ, ನೆಲದ ಮೇಲ್ಮುಖ ಬಲ; ತಲಾ ಅರ್ಧ ಅಂಕ.
ವಿಠೋಬಾನಿಗೆ ಎಷ್ಟು ಕೊಡಲಿ?
ಎಡಗೈಯೂ ಬಲವೇ ಎಂದು
ಯಾವ ಸೂಚಿಯಲ್ಲೂ ಬರೆದಿಲ್ಲ.

ಭಾನುವಾರ ಹೋದೆ. ನೂಲ ಹುಣ್ಣಿಮೆ ಕಳೆದು ಎರಡು ದಿನ,
ಸಮುದ್ರಕ್ಕೆ ಬಿಟ್ಟ ತೆಂಗಿನಕಾಯಿಗಳಲ್ಲಿ ಒಂದೆರಡು
ಬೇಡವೆಂಬಂತೆ ದಡಕ್ಕೇ ವಾಪಸು ಬಂದಿದ್ದವು.
ಮಳೆಗಾಲವಿಡೀ ಮಡಲು ಹೊದ್ದು ಮಲಗಿದ ದೋಣಿ
ಮರಳೊಳಗೆ ಒಂದು ಗೇಣು ಇಳಿದು,
ಎಬ್ಬಿಸಿದರೆ ಮಗ್ಗುಲೂ ಬದಲಿಸುವಂತಿರಲಿಲ್ಲ.

ಹಗ್ಗ ಹೆಗಲಿಗೆ ಹಾಕಿ, ಮುಖ ಕಡಲಿಗೆ ಮಾಡಿ
ಎಳೆದರು.
ಹಗ್ಗ ಕಂಬಿಯಂತೆ ಬಿಗಿದು ಝುಂ ಎಂದಿತು.
ಹೆಬ್ಬೆರಳುಗಳು ಒದ್ದೆ ನೆಲವನ್ನು ಅಗೆದವು.
ದೋಣಿ ಅಲ್ಲೇ.
ಒಬ್ಬನಷ್ಟು ಎಳೆದರೆ ಮರಳು ಒಬ್ಬನಷ್ಟು ಹಿಡಿಯಿತು,
ನಾಲ್ವರಷ್ಟು ಎಳೆದರೆ ನಾಲ್ವರಷ್ಟು;
ಪೈಸೆ ಹೆಚ್ಚಿಲ್ಲ, ಪೈಸೆ ಕಡಿಮೆಯಿಲ್ಲ,
ಅಂದಂದೇ ಚುಕ್ತಾ ಮಾಡುವ ಅಂಗಡಿಯವನ ಹಾಗೆ.

ಹದಿನೇಳು ವರ್ಷದಿಂದ ಬೋರ್ಡಿನ ಮೇಲೆ ಬರೆದಿದ್ದೇನೆ:
ಎದುರುಬದುರು ಎರಡು ಬಾಣ, ಫಲಿತ ಬಲ ಸೊನ್ನೆ.
ಸೊನ್ನೆ ಇಷ್ಟೊಂದು ಬೆವರುತ್ತದೆಂದು
ಸೀಮೆಸುಣ್ಣ ಹಿಡಿದವನಿಗೆ ತಿಳಿದಿರಲಿಲ್ಲ.

"ಸರ್, ಸುಮ್ಮನೆ ಯಾಕೆ ನಿಂತಿದ್ದೀರಿ?"
ಸುಗಂಧಾ ಹಗ್ಗದ ತುದಿ ನನ್ನ ಕೈಗಿಟ್ಟಳು.
ಪ್ಯಾಂಟು ಮಡಚಿ, ಕನ್ನಡಕ ಜೇಬಿಗೆ ಹಾಕಿ
ನಾನೂ ಎಳೆದೆ.
ನನ್ನಿಂದ ಏನೂ ಆಗಲಿಲ್ಲ.
ಮರಳು ನನ್ನಷ್ಟನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿತು, ಅಷ್ಟೇ.

ಆಗ ಬಂದಳು ಅವಳ ಆಯಿ,
ಬುಟ್ಟಿ ಇಳಿಸಿ, ಸೆರಗು ಸಿಕ್ಕಿಸಿ,
ಡಬ್ಬಿಯಿಂದ ತಾರ್ಲೆ ಎಣ್ಣೆ ಸುರಿದಳು ಅಡ್ಡಮರಗಳ ಮೇಲೆ;
ನಾತ ಮೊದಲು ಹೊರಟಿತು, ಹಿಂದೆಯೇ ದೋಣಿ.
ಕ್ರೆಕ್ ಎಂದದ್ದೊಂದು ಗೊತ್ತು.
ಅಷ್ಟು ಹೊತ್ತು ಹಿಡಿದದ್ದು ಒಮ್ಮೆಗೇ ಕೈಬಿಟ್ಟು
ಹಗ್ಗ ಸಡಿಲಿ, ನಾನು ಮೂಗು ಮುಂದಾಗಿ ನೀರಿಗೆ.
"ಜಡತ್ವ ಸರ್, ಜಡತ್ವ!" ದಡದಿಂದ ಅವಳ ಕೂಗು.
ಪೂರಾ ಸರಿಯಲ್ಲ ಅದು.
ಆದರೆ ಬಾಯ್ತುಂಬ ಉಪ್ಪುನೀರು ಇದ್ದವನು
ಏನು ತಿದ್ದಿಯಾನು?
ದೋಣಿ ನನ್ನ ಪಕ್ಕದಲ್ಲೇ ಹೋಯಿತು.
ಈಗ ಅದನ್ನು ತಡೆಯಲು ಕೂಗುತ್ತಿದ್ದರು
ಈವರೆಗೆ ಎಳೆಯಲು ಕೂಗಿದವರೇ.

ಸೋಮವಾರ ಪೇಪರು ಕೊಟ್ಟೆ. ಒಂದು ಅಂಕ.
ಅವಳು ಮೇಜಿನ ಹತ್ತಿರ ಬಂದಳು.
"ಯಾಕೆ ಸರ್?"
ಎಳೆತ ಬಂತು, ಘರ್ಷಣೆ ಬಂತು,
ದೋಣಿಯನ್ನು ಕೆಳಗಿನಿಂದ ಹೊತ್ತವರನ್ನು ಬಿಟ್ಟಿದ್ದೀಯಲ್ಲ?
"ಅದೂ ಮರಳೇ ಸರ್.
ಬರೆದಿದ್ದೇನೆ. ಒಂದೇ ಹೆಸರು ಎರಡು ಸಲ ಬರೀಬೇಕಾ?"
ಯೋಚಿಸಿದೆ. ಅರ್ಧ ಸೇರಿಸಿದೆ.
"ಮತ್ತೆ ತೂಕ?"
"ತೂಕ ದೋಣಿಯದೇ ಅಲ್ವಾ?
ಬಲ ಅಂದರೆ ಹೊರಗಿನವರದು ಅಂತ ನೀವೇ ಹೇಳಿದ್ದು."
ಇಲ್ಲ ಸುಗಂಧಾ, ಅದೂ ಹೊರಗಿನದೇ,
ಇಡೀ ಭೂಮಿ ಒಂದು ಕಡೆ ನಿಂತು, ಎಂದು ಶುರುಮಾಡಿದೆ.
ಗಂಟೆ ಬಾರಿಸಿತು.
ನನ್ನ ಚಪ್ಪಲಿಯಲ್ಲಿ ಮರಳು ಇನ್ನೂ ಇತ್ತು.